ಮಂಜೇಶ್ವರದ ಗೋವಿಂದ ಪೈ: ಓದಿ ಹಲವಾದ ಒಂದು ಬಾಳು

ಹರಪನಹಳ್ಳಿ ತಾಲೂಕಿನಲ್ಲಿ, ತುಂಗಭದ್ರೆಯ ಮಗ್ಗುಲಲ್ಲಿ, ಹಲವಾಗಲು ಎಂಬ ಊರಿದೆ. ಈ ಹೆಸರಿನ ನಿಷ್ಪತ್ತಿಯನ್ನು ಸ್ಥಳನಾಮಗಳ ಶಾಸ್ತ್ರ ಬಲ್ಲವರು ಹೇಗೆ ಬಿಡಿಸುವರೋ ಬಿಡಿಸಲಿ. ನನ್ನ ಕಿವಿಗಂತೂ ಅದು ಒಂದಾಗಿದ್ದುದು ಹಲವು ಆಗಲು ಹೊರಟಂತೆ ಕೇಳುತ್ತದೆ. ಕಾಲೇಜಿನ ರಜೆಯಲ್ಲಿ ಒಮ್ಮೆ ಆ ಊರಿನ ಕಟ್ಟೆಯ ಮೇಲೆ ಕುಳಿತು ನಾನು ಒಂದು ಕಾವ್ಯವನ್ನು ಓದುತ್ತಿದ್ದೆ. ಹಿರಿಯರೊಬ್ಬರು ಬಳಿಗೆ ಬಂದು ಪುಸ್ತಕ ಯಾವುದೆಂದು ಕೇಳಿದರು. ಯೇಸುವಿನ ಕಡೆಯ ದಿನದ ಕಥೆ ಎಂದೆ. ನಮ್ಮ ಶರಣರನ್ನೂ ದಾಸರನ್ನೂ ಓದಿ ಮುಗಿಸಿದೆಯೋ ಎಂದು ವಿಚಾರಿಸಿದರು. ಇಲ್ಲವೆಂದೆ. ಹಾಗಿದ್ದ ಮೇಲೆ ಪರರ ಮನೆಯ ದೀಪಕ್ಕೆ ಎಣ್ಣೆ ಹೊಯ್ಯುವ ಅವಸರವೇನೆಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದರು.

ಅಂದು ಉತ್ತರ ನನ್ನಲ್ಲಿರಲಿಲ್ಲ. ಆದರೆ ನನ್ನ ಕೈಯಲ್ಲಿದ್ದ ‘ಗೊಲ್ಗೊಥಾ’ವನ್ನು ಬರೆದವರ ಬಾಳೇ ಆ ಪ್ರಶ್ನೆಗೆ ಉತ್ತರವಾಗಿತ್ತೆಂಬುದು ಬಹು ವರ್ಷಗಳ ತರುವಾಯ ತಿಳಿಯಿತು. ಅವರು ಮಂಜೇಶ್ವರದ ಗೋವಿಂದ ಪೈಗಳು. ಅವರ ಊರು ಕಡಲ ದಡದಲ್ಲಿ, ಈ ಊರು ಹೊಳೆಯ ದಡದಲ್ಲಿ. ಆದರೂ ಒಂದು ಸಂಬಂಧವುಂಟು. ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳೂ, ದಕ್ಷಿಣ ಕನ್ನಡ ಜಿಲ್ಲೆಯ ಮಂಜೇಶ್ವರ, ಕಾಸರಗೋಡುಗಳೂ ಒಂದೇ ಮದರಾಸು ಆಧಿಪತ್ಯದ ಅಂಚಿನಲ್ಲಿದ್ದ ಕನ್ನಡ ನಾಡುಗಳು. ರಾಜಧಾನಿಯ ಮಾತು ಬೇರೆ, ಮನೆಯ ಮಾತು ಬೇರೆ. ಇಂತಹ ಅಂಚಿನಲ್ಲಿ ಹುಟ್ಟಿದವನಿಗೆ ತಾನು ಯಾರು, ತನ್ನವರು ಯಾರು ಎಂಬ ಪ್ರಶ್ನೆ ಬಾಲ್ಯದಲ್ಲಿಯೇ ಎದುರಾಗುತ್ತದೆ. ಆ ಪ್ರಶ್ನೆಯನ್ನು ಬೆನ್ನಟ್ಟಿ ಕೆಲವರು ಗೋಡೆ ಕಟ್ಟಿಕೊಳ್ಳುವರು. ಕೆಲವರು ಬಾಗಿಲು ತೆರೆಯುವರು. ಪೈಗಳು ಬಾಗಿಲು ತೆರೆದವರ ಪೈಕಿ.

ಅವರು ಜನಿಸಿದ್ದು 1883ನೆಯ ಇಸವಿ ಮಾರ್ಚ್ 23ರಂದು, ಮಂಜೇಶ್ವರದ ತಾಯಿಯ ತಂದೆಯ ಮನೆಯಲ್ಲಿ. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಯ ಮಾತು ಕೊಂಕಣಿ. ಅಂಗಳ ದಾಟಿದರೆ ತುಳು. ಪಾಠಶಾಲೆಯಲ್ಲಿ ಕನ್ನಡ. ದಕ್ಷಿಣಕ್ಕೆ ನಾಲ್ಕು ಹೆಜ್ಜೆ ನಡೆದರೆ ಮಲಯಾಳ. ದೇವಾಲಯದಲ್ಲಿ ಸಂಸ್ಕೃತ, ಕಚೇರಿಯಲ್ಲಿ ಇಂಗ್ಲಿಷ್. ನಮ್ಮ ಕಡೆಯ ಹುಡುಗನೊಬ್ಬ ವ್ಯಾಕರಣದ ಪುಸ್ತಕ ಹಿಡಿದು ಕಷ್ಟಪಟ್ಟು ಕಲಿಯಬೇಕಾದ ಭಾಷಾವೈವಿಧ್ಯವು ಆ ಬಾಲಕನಿಗೆ ಕಡಲ ಗಾಳಿಯಂತೆ ತಾನಾಗಿಯೇ ಬೀಸಿ ಬಂದಿತು. ಒಂದೇ ವಸ್ತುವಿಗೆ ಐದು ಹೆಸರುಗಳಿರಬಹುದು, ಐದೂ ಸರಿಯಾಗಿರಬಹುದು ಎಂಬ ತಿಳಿವು ಬಾಲ್ಯದಲ್ಲಿಯೇ ಉಂಟಾದವನಿಗೆ ಮುಂದೆ ಪರಭಾಷೆ ಪರದೇಶವಾಗಿ ತೋರುವುದು ಕಷ್ಟ.

ವಿದ್ಯಾಭ್ಯಾಸ ಮಂಗಳೂರಿನಲ್ಲಿ ನಡೆಯಿತು. ಅಂದಿನ ಮಂಗಳೂರು ಪುಸ್ತಕಗಳ ಊರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಅಲ್ಲಿಗೆ ಬಂದಿಳಿದು, ಕೆಲವೇ ವರ್ಷಗಳಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ್ದರು. ಕನ್ನಡದ ಮೊದಲ ಪತ್ರಿಕೆಯೆಂದು ಹೆಸರಾದ ‘ಮಂಗಳೂರ ಸಮಾಚಾರ’ ಅಲ್ಲಿ 1843ರಲ್ಲಿ ಹೊರಬಂದಿತ್ತು. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಅದೇ ಊರಿನಲ್ಲಿ 1894ರಲ್ಲಿ ಅಚ್ಚಾದಾಗ ಪೈಗಳಿಗೆ ಹನ್ನೊಂದು ವರ್ಷ. ಪರದೇಶದವರೊಬ್ಬರು ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿ ನಮ್ಮ ಮಾತುಗಳನ್ನು ಆರಿಸಿ ಕೂಡಿಟ್ಟ ಗ್ರಂಥವದು. ಪರರ ಸಂಸ್ಕೃತಿಯನ್ನು ಶ್ರದ್ಧೆಯಿಂದ ಓದುವುದೆಂದರೇನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಇದರೊಡನೆ ಪಂಜೆ ಮಂಗೇಶರಾಯರಂತಹ ಗುರುಗಳು ದೊರೆತರು. ಮಕ್ಕಳಿಗಾಗಿ ತಿಳಿಗನ್ನಡದಲ್ಲಿ ಹಾಡು ಕಥೆಗಳನ್ನು ರಚಿಸಿದ ಆ ಗುರುಗಳದೂ ಮನೆಮಾತು ಕೊಂಕಣಿಯೇ. ಕನ್ನಡವು ಹುಟ್ಟಿನಿಂದಷ್ಟೇ ಬರತಕ್ಕದ್ದಲ್ಲ, ಒಲಿದು ಪಡೆಯತಕ್ಕದ್ದು ಎಂಬುದನ್ನು ಶಿಷ್ಯನು ಗುರುವಿನಲ್ಲಿ ಕಣ್ಣಾರೆ ಕಂಡನು.

ಉನ್ನತ ಶಿಕ್ಷಣಕ್ಕಾಗಿ ಪೈಗಳು ಮದರಾಸಿಗೆ ಹೋದರು. ಬಿ. ಎ. ಪರೀಕ್ಷೆಯ ಸಮಯಕ್ಕೆ ಸರಿಯಾಗಿ ತಂದೆ ತೀರಿಕೊಂಡ ವಾರ್ತೆ ಬಂದಿತು. ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದರು. ಬರೆದಿದ್ದ ಇಂಗ್ಲಿಷ್ ಪತ್ರಿಕೆಗೆ ಚಿನ್ನದ ಪದಕ ಬಂದಿತಾದರೂ ಪದವಿ ಬರಲಿಲ್ಲ. ಹಿರಿಯ ಮಗನ ಹೆಗಲಿಗೆ ಸಂಸಾರದ ನೊಗ ಬಿದ್ದಿತ್ತು. ಮತ್ತೆ ಮದರಾಸಿಗೆ ಹೋಗಿ ಪದವಿಯನ್ನು ಪೂರ್ಣಗೊಳಿಸುವ ಯೋಗ ಒದಗಲಿಲ್ಲ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಪದಕವಿದ್ದೂ ಪದವಿಯಿಲ್ಲದ ಯುವಕನೊಬ್ಬ ಕಹಿಯಾಗಿಬಿಡುವುದು ಸಹಜ. ನಾವು ಅಧ್ಯಾಪಕರು ಅಂತಹವರನ್ನು ವರ್ಷವರ್ಷವೂ ಕಾಣುತ್ತೇವೆ. ವಿದ್ಯೆಯ ಬಾಗಿಲು ಮುಚ್ಚಿತೆಂದು ಅವರು ಪುಸ್ತಕವನ್ನು ಅಟ್ಟದ ಮೇಲೆ ಎಸೆಯುತ್ತಾರೆ. ಪೈಗಳು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದರು. ಪರೀಕ್ಷೆ ಇಲ್ಲದಿರುವುದರಿಂದ ಪಠ್ಯಕ್ರಮವೂ ಇಲ್ಲವಾಯಿತು. ಪಠ್ಯಕ್ರಮವಿಲ್ಲದ್ದರಿಂದ ಓದಿಗೆ ಎಲ್ಲೆಯೂ ಇಲ್ಲವಾಯಿತು. ತಾಯಿಯ ಕಡೆಯಿಂದ ಬಂದ ಆಸ್ತಿಯಿದ್ದ ಮಂಜೇಶ್ವರದಲ್ಲಿ ಅವರು ನೆಲೆ ನಿಂತರು. ಯಾವ ವಿಶ್ವವಿದ್ಯಾಲಯದ ಪೀಠವನ್ನೂ ಏರದೆ, ಆ ಹಳ್ಳಿಯ ಮನೆಯನ್ನೇ ವಿದ್ಯಾಪೀಠವನ್ನಾಗಿ ಮಾಡಿಕೊಂಡರು. ದೇಶವಿದೇಶಗಳ ಗ್ರಂಥಗಳು ಆ ಮನೆಯನ್ನು ತುಂಬಿಕೊಂಡವು.

ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯವಿತ್ತೆಂದು ಪ್ರತೀತಿ. ಕನ್ನಡ, ತುಳು, ಕೊಂಕಣಿ, ಮಲಯಾಳಗಳಲ್ಲದೆ ಸಂಸ್ಕೃತ, ಪಾಳಿ, ಪ್ರಾಕೃತ, ಬಂಗಾಳಿ, ಮರಾಠಿಗಳೂ, ಪಶ್ಚಿಮದ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಭಾಷೆಗಳೂ ಆ ಪಟ್ಟಿಯಲ್ಲಿ ಸೇರುತ್ತವೆ. ಎಣಿಕೆಯೇ ಮುಖ್ಯವಾದುದಲ್ಲ. ಅವರು ಭಾಷೆಗಳನ್ನು ಪ್ರದರ್ಶನಕ್ಕಾಗಿ ಕೂಡಿಸಿದವರಲ್ಲ. ಒಂದು ಸಂಶಯ ಹುಟ್ಟಿದರೆ ಅದರ ಮೂಲವನ್ನು ಕಾಣದೆ ಅವರಿಗೆ ನೆಮ್ಮದಿಯಿರಲಿಲ್ಲ. ಮೂಲ ಪಾಳಿಯಲ್ಲಿದ್ದರೆ ಪಾಳಿಯೇ ಬೇಕು. ಗ್ರೀಕಿನಲ್ಲಿದ್ದರೆ ಗ್ರೀಕೇ ಬೇಕು. ಭಾಷಾಂತರವೆಂಬುದು ಬೇರೊಬ್ಬರು ಸೇದಿ ತಂದ ನೀರು. ಬಾವಿಯ ಆಳ ತಿಳಿಯಬೇಕಾದರೆ ಹಗ್ಗ ನಮ್ಮ ಕೈಯಲ್ಲಿಯೇ ಇರಬೇಕು.

ಒಂದು ಉದಾಹರಣೆಯನ್ನು ಕೊಡಬಹುದು. ಶ್ರವಣಬೆಳಗೊಳದ ಬಾಹುಬಲಿಗೆ ಗೊಮ್ಮಟನೆಂಬ ಹೆಸರು ಬಂದುದೇಕೆ? ಜೈನ ಪುರಾಣದಲ್ಲಿ ಬಾಹುಬಲಿಯು ಕಾಮದೇವ, ಎಂದರೆ ಪರಮ ಸುಂದರ. ಸಂಸ್ಕೃತದ ಮನ್ಮಥ ಶಬ್ದವು ಪ್ರಾಕೃತದ ಬಾಯಲ್ಲಿ ಸವೆಯುತ್ತ ಗೊಮ್ಮಟವಾಯಿತೆಂದು ಪೈಗಳು ವಾದಿಸಿದರು. ಕೊಂಕಣಿಯಲ್ಲಿ ಚೆಲುವನನ್ನು ಗೋಮಟೊ ಎನ್ನುವ ವಾಡಿಕೆಯುಂಟು. ದೇಶದ ಪಂಡಿತರೆಲ್ಲ ಶಾಸನಗಳ ನಡುವೆ ತಡಕಾಡುತ್ತಿದ್ದ ಪ್ರಶ್ನೆಗೆ ಅವರ ಮನೆಯ ಅಡುಗೆಕೋಣೆಯ ಮಾತೊಂದು ಬೆಳಕು ಹಿಡಿಯಿತು. ಡಾ. ಎ. ಎನ್. ಉಪಾಧ್ಯೆಯವರು ಇದನ್ನು ಒಪ್ಪಲಿಲ್ಲ. ಗೊಮ್ಮಟವೆಂಬುದು ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನದೇ ಇನ್ನೊಂದು ಹೆಸರೆಂದೂ, ಅವನ ದೇವರಾದ್ದರಿಂದ ಬಾಹುಬಲಿಯು ಗೊಮ್ಮಟೇಶ್ವರನಾದನೆಂದೂ ಅವರು ಸಾಧಿಸಿದರು. ಯಾರ ವಾದ ಗೆದ್ದಿತೆಂಬುದು ಇಲ್ಲಿ ಪ್ರಸ್ತುತವಲ್ಲ. ದೂರದ ಓದು ಮನೆಯ ಮಾತಿಗೆ ಬೆಲೆ ತಂದುಕೊಟ್ಟಿತೆಂಬುದು ಮುಖ್ಯ. ಪ್ರಾಕೃತವನ್ನು ಓದಿರದಿದ್ದರೆ ತಾನು ದಿನವೂ ಆಡುತ್ತಿದ್ದ ಶಬ್ದದ ಹಿಂದೆ ಅಷ್ಟು ದೀರ್ಘವಾದ ಚರಿತ್ರೆ ಇರಬಹುದೆಂದು ಅವರಿಗೆ ಹೊಳೆಯುತ್ತಿರಲಿಲ್ಲ.

ಕಾವ್ಯದಲ್ಲಿಯೂ ಇದೇ ಆಯಿತು. ಹಳೆಯ ಕನ್ನಡ ಕಾವ್ಯದಲ್ಲಿ ಪ್ರತಿಯೊಂದು ಪಾದದ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರತಕ್ಕದ್ದೆಂಬ ಪ್ರಾಸದ ಕಟ್ಟಳೆಯಿತ್ತು. ಸಂಸ್ಕೃತದ ಮಹಾಕವಿಗಳಿಗೆ ಈ ಕಟ್ಟು ಇರಲಿಲ್ಲ. ಪಶ್ಚಿಮದ ಮಹಾಕಾವ್ಯಗಳಿಗೂ ಇರಲಿಲ್ಲ. ಹಲವು ಸಾಹಿತ್ಯಗಳನ್ನು ಕಂಡ ಕಣ್ಣಿಗೆ ಈ ಕಟ್ಟಳೆ ದೇವರು ವಿಧಿಸಿದ್ದಲ್ಲ, ಮನುಷ್ಯರು ಮಾಡಿಕೊಂಡದ್ದು ಎಂಬುದು ಗೋಚರಿಸಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಅವರು ಪ್ರಾಸವನ್ನು ತೊರೆದರು. ಪಂಡಿತರು ಕೆರಳಿದರು. ಪ್ರಾಸ ಬಿಟ್ಟ ಪದ್ಯವು ಪದ್ಯವೇ ಅಲ್ಲವೆಂಬ ಆಕ್ಷೇಪ ಬಹುಕಾಲ ನಡೆಯಿತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1920ರ ದಶಕದಲ್ಲಿ ಬಂದು ಹೊಸ ಕಾವ್ಯದ ಹಾದಿ ರಾಜಮಾರ್ಗವಾಗುವ ಮೊದಲೇ ಕಡಲ ತಡಿಯಲ್ಲಿ ಕಾಲುಹಾದಿಯನ್ನು ಸವೆಸಿದ ಕೆಲವರಲ್ಲಿ ಪೈಗಳು ಮುಖ್ಯರು. ಅವರ ಮೊದಲ ಕವನ ಸಂಗ್ರಹ ‘ಗಿಳಿವಿಂಡು’ 1930ರಲ್ಲಿ ಪ್ರಕಟವಾಯಿತು. ಆ ವೇಳೆಗೆ ಅವರಿಗೆ ನಲವತ್ತೇಳು ವರ್ಷ. ಇಷ್ಟು ಓದಿದವರು ಅಚ್ಚಿಗೆ ಇಷ್ಟು ನಿಧಾನಿಸಿದರೆಂಬುದನ್ನು ಇಂದಿನ ತರುಣ ಕವಿಗಳು ಗಮನಿಸಬಹುದು.

ಅನಂತರ ಬಂದದ್ದು ‘ಗೊಲ್ಗೊಥಾ’. ಯೇಸುವಿನ ಕಡೆಯ ದಿನ ಅದರ ವಸ್ತು. ಮಂಗಳೂರಿನ ಸೀಮೆಯಲ್ಲಿ ಕ್ರೈಸ್ತರು ನೆರೆಹೊರೆಯವರು. ಇಗರ್ಜಿಯ ಗಂಟೆಯೂ ದೇವಾಲಯದ ಗಂಟೆಯೂ ಒಂದೇ ಗಾಳಿಯಲ್ಲಿ ಕೇಳಿಸುತ್ತವೆ. ಆದರೆ ನೆರೆಯವರಾಗಿರುವುದು ಬೇರೆ, ನೆರೆಯವರ ದುಃಖವನ್ನು ತನ್ನ ದುಃಖವಾಗಿ ಬಲ್ಲವನಾಗುವುದು ಬೇರೆ. ಪೈಗಳು ತಮ್ಮ ವೈದಿಕ ಸಂಪ್ರದಾಯವನ್ನು ಬಿಟ್ಟವರಲ್ಲ. ಮತ ಬದಲಾಯಿಸಬೇಕೆಂದು ಎಣಿಸಿದವರೂ ಅಲ್ಲ. ಸುವಾರ್ತೆಗಳನ್ನು ವಿಮರ್ಶಕನ ಕಣ್ಣಿನಿಂದ ಓದಿ, ಭಕ್ತನ ಎದೆಯಿಂದ ಬರೆದರು. ಶಿಲುಬೆಯ ಭಾರ ಹೊತ್ತು ಗುಡ್ಡವೇರುವ ಆ ಮಹಾತ್ಮನ ನಡೆಯನ್ನು ಹಳಗನ್ನಡದ ಗಾಂಭೀರ್ಯವುಳ್ಳ ನುಡಿಯಲ್ಲಿ ಅವರು ಹಿಡಿದಿಟ್ಟ ಬಗೆಯನ್ನು ಕಂಡರೆ, ಪಂಪನ ನುಡಿಗೆ ಜೆರುಸಲೇಮಿನ ಹಾದಿಯೂ ತಿಳಿದಿತ್ತೇನೋ ಎಂದು ಬೆರಗಾಗುತ್ತದೆ.

ಬಳಿಕ 1946ರಲ್ಲಿ ‘ವೈಶಾಖಿ’ ಬಂದಿತು. ಅದರ ವಸ್ತು ಬುದ್ಧನ ಕಡೆಯ ದಿನ. ಕುಶಿನಗರದ ಬಳಿ ಎರಡು ಸಾಲವೃಕ್ಷಗಳ ನಡುವೆ ಮಲಗಿ ಶಾಂತವಾಗಿ ನಿರ್ವಾಣ ಹೊಂದಿದ ವೃದ್ಧ ಮುನಿಯ ಕಥೆಗೂ, ಮೂವತ್ತರ ಹರೆಯದಲ್ಲಿ ಮೊಳೆಗಳಿಗೆ ಸಿಕ್ಕಿ ಮಡಿದ ಯೇಸುವಿನ ಕಥೆಗೂ ಎಷ್ಟು ಅಂತರ! ಒಂದರಲ್ಲಿ ಲೋಕವು ಕೊಂದಿತು. ಇನ್ನೊಂದರಲ್ಲಿ ಲೋಕವು ಅತ್ತು ಬೀಳ್ಕೊಟ್ಟಿತು. ಎರಡೂ ಮರಣಗಳ ಎದುರಿನಲ್ಲಿ ಒಬ್ಬನೇ ಕವಿ ನಿಂತು, ಎರಡರಲ್ಲಿಯೂ ಕರುಣೆಯ ಒಂದೇ ಮುಖವನ್ನು ಕಂಡನು. ಶ್ರೀಕೃಷ್ಣನ ಕಡೆಯ ದಿನವನ್ನು ಕುರಿತು ‘ಪ್ರಭಾಸ’ವನ್ನೂ, ಗಾಂಧೀಜಿಯವರ ಕಡೆಯ ದಿನವನ್ನು ಕುರಿತು ‘ದೆಹಲಿ’ಯನ್ನೂ ಬರೆಯಲು ಅವರು ಎತ್ತಿಕೊಂಡರು. ಯೇಸು, ಬುದ್ಧ, ಕೃಷ್ಣ, ಗಾಂಧಿ. ನಾಲ್ವರು ನಾಲ್ಕು ಕಾಲದವರು. ಒಬ್ಬನ ಜನ್ಮದ ಕಥೆಯನ್ನು ಅವನ ಮತದವರು ಹಬ್ಬವಾಗಿ ಆಚರಿಸುವರು, ಇತರರು ಅದನ್ನು ದೂರದಿಂದ ನೋಡುವರು. ಮರಣದ ಕಥೆಯ ಮುಂದೆ ಮಾತ್ರ ಎಲ್ಲ ಮತದವರೂ ತಲೆಬಾಗಿ ನಿಲ್ಲುತ್ತಾರೆ. ಪೈಗಳು ಕಡೆಯ ದಿನಗಳನ್ನೇ ಆರಿಸಿಕೊಂಡುದರ ಮರ್ಮ ಇದೇ ಇರಬೇಕೆಂದು ನನ್ನ ಅನಿಸಿಕೆ.

ಅವರ ಓದು ಇನ್ನೂ ಪೂರ್ವಕ್ಕೆ ನಡೆದು ಜಪಾನನ್ನು ಮುಟ್ಟಿತು. ಅಲ್ಲಿನ ನೋ ನಾಟಕಗಳನ್ನು ಅವರು ಕನ್ನಡಕ್ಕೆ ತಂದರು. ಮುಖವಾಡ ಧರಿಸಿದ ಪಾತ್ರ, ಹಿಮ್ಮೇಳದ ಗಾನ, ವಾದ್ಯದ ಪೆಟ್ಟಿಗೆ ಮಿತವಾಗಿ ಚಲಿಸುವ ಕಾಲು; ಸತ್ತವರ ಆತ್ಮವೊಂದು ದಾರಿಹೋಕ ಸನ್ಯಾಸಿಯ ಮುಂದೆ ಕಾಣಿಸಿಕೊಂಡು ತನ್ನ ಸಂಕಟವನ್ನು ತೋಡಿಕೊಳ್ಳುವ ಕಥೆ; ಇವು ಆ ನಾಟಕಗಳಲ್ಲಿ ಅನೇಕವುಗಳ ಲಕ್ಷಣ. ಇದನ್ನು ಕೇಳಿದಾಗ ಕುಂಬಳೆ ಸೀಮೆಯ ಯಾರಿಗಾದರೂ ಯಕ್ಷಗಾನದ ನೆನಪಾಗದಿರದು. ತೆಂಕುತಿಟ್ಟಿನ ಪ್ರಸಂಗಗಳ ಕವಿಯೆಂದು ಹೆಸರಾದ ಪಾರ್ತಿಸುಬ್ಬನ ಊರು ಮಂಜೇಶ್ವರಕ್ಕೆ ಬಹು ದೂರವಲ್ಲ. ಒಂದರ ಕುಣಿತ ಅಬ್ಬರದ್ದು, ಇನ್ನೊಂದರ ನಡೆ ಮೌನದ್ದು. ಆದರೂ ಭಾಗವತನ ಹಾಡಿಗೆ ವೇಷ ಕುಣಿಯುವುದನ್ನು ಬಾಲ್ಯದಿಂದ ಕಂಡವರಿಗೆ ಜಪಾನಿನ ರಂಗಸ್ಥಳ ತೀರ ಅಪರಿಚಿತವಾಗಿ ತೋರಲಾರದು.

ಇಷ್ಟರವರೆಗೆ ಹೇಳಿದ್ದು ಪರರ ಸಂಸ್ಕೃತಿಯ ಓದಿನ ವಿಷಯ. ಇನ್ನು ಸ್ವಜನರ ಚರಿತ್ರೆಯ ವಿಷಯವಿದೆ. ಇಲ್ಲಿಯೇ ಓದುಗನ ನಿಜವಾದ ಪರೀಕ್ಷೆ.

ಪೈಗಳು ಬದುಕಿದ್ದು ಜನಾಂಗಗಳ ಚರಿತ್ರೆ ಎಲ್ಲೆಡೆಯೂ ಚರ್ಚೆಗೆ ಬಂದಿದ್ದ ಕಾಲದಲ್ಲಿ. ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ಲರು 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ, ಕನ್ನಡ, ತಮಿಳು, ತೆಲುಗು, ಮಲಯಾಳ, ತುಳುಗಳು ಒಂದೇ ಕುಟುಂಬದವೆಂದು ಸಾಧಿಸಿದ್ದರು. ಸಿಂಧೂ ಕಣಿವೆಯ ಪ್ರಾಚೀನ ನಗರಗಳ ಶೋಧ 1924ರಲ್ಲಿ ಪ್ರಕಟವಾದ ಮೇಲೆ ಅವುಗಳನ್ನು ಕಟ್ಟಿದವರು ಯಾರೆಂಬ ವಾದ ಮೊದಲಾಯಿತು. ಮುಂಬಯಿಯ ಪಾದ್ರಿ ಹೆರಾಸರು ಅವರು ದ್ರಾವಿಡರೇ ಎಂದು ಪ್ರತಿಪಾದಿಸಿದರು. ಆರ್ಯವೆಂಬ ಶಬ್ದ ಭಾಷೆಗೆ ಸಂಬಂಧಿಸಿದ್ದು. ಅದನ್ನು ಯೂರೋಪಿನ ಕೆಲವರು ರಕ್ತಕ್ಕೆ ಅಂಟಿಸಿದರು. ಅದೇ ಅಂಟು ರೋಗವಾಗಿ ಹಬ್ಬಿ, ಜರ್ಮನಿಯಲ್ಲಿ 1935ರ ಹೊತ್ತಿಗೆ ಜನಾಂಗದ ಕಾನೂನುಗಳಾಗಿ, ಮುಂದೆ ಲಕ್ಷ ಲಕ್ಷ ಯೆಹೂದ್ಯರ ಕೊಲೆಯಲ್ಲಿ ಪರ್ಯವಸಾನವಾಯಿತು. ಪುಸ್ತಕದಲ್ಲಿ ಹುಟ್ಟಿದ ಒಂದು ತಪ್ಪು ಕಲ್ಪನೆ ಎಷ್ಟು ಮನೆಗಳನ್ನು ಸುಡಬಲ್ಲದೆಂಬುದಕ್ಕೆ ಅದೇ ಸಾಕ್ಷಿ. ಆದುದರಿಂದ ತನ್ನ ಜನರ ಹಳಮೆಯನ್ನು ಅರಸುವವನು ಕೈಯಲ್ಲಿ ದೀಪವನ್ನು ಹಿಡಿದಿದ್ದಾನೋ ಕೊಳ್ಳಿಯನ್ನು ಹಿಡಿದಿದ್ದಾನೋ ಎಂಬುದನ್ನು ಪದೇ ಪದೇ ಪರೀಕ್ಷಿಸಿಕೊಳ್ಳಬೇಕು.

ಪೈಗಳಿಗೆ ಕನ್ನಡದ ಪ್ರಾಚೀನತೆಯಲ್ಲಿ ಅಪಾರವಾದ ಆಸಕ್ತಿಯಿತ್ತು. ಈಜಿಪ್ತಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಗ್ರೀಕ್ ಪ್ರಹಸನವೊಂದಿತ್ತು. ಅದು 1903ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾರತದ ಕಡಲ ದಡದಲ್ಲಿ ಸಿಕ್ಕಿಬಿದ್ದ ಗ್ರೀಕ್ ಯುವತಿಯೊಬ್ಬಳ ಕಥೆಯುಂಟು. ಅಲ್ಲಿನ ದೊರೆಯೂ ಜನರೂ ಗ್ರೀಕಲ್ಲದ ಮಾತೊಂದನ್ನು ಆಡುತ್ತಾರೆ. ಅದು ಕನ್ನಡವೆಂದು ಮೊದಲು ಸೂಚಿಸಿದವರು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು. ಪೈಗಳೂ ಆ ಮಾತುಗಳಲ್ಲಿ ಕನ್ನಡವನ್ನು ಅರಸಿದರು. ಅದು ಕನ್ನಡವೋ, ತುಳುವೋ, ಬರಿಯ ಹಾಸ್ಯಕ್ಕಾಗಿ ಕಟ್ಟಿದ ಅರ್ಥವಿಲ್ಲದ ಸದ್ದೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ತಾಯ್ನುಡಿಗಿಂತ ಮಿಗಿಲಾಗಿ ಒಲಿದ ನುಡಿಯ ಹಿರಿಮೆಯನ್ನು ಸಾರುವ ಸಂಭ್ರಮದಲ್ಲಿ ಪೈಗಳ ಶಬ್ದವ್ಯುತ್ಪತ್ತಿಗಳು ಕೆಲವೆಡೆ ಸಾಕ್ಷ್ಯವನ್ನು ಮೀರಿ ಹಾರಿದುದುಂಟು. ಅದನ್ನು ಮುಚ್ಚಿಡುವುದು ಅವರಿಗೆ ಗೌರವ ತರುವ ಮಾರ್ಗವಲ್ಲ.

ಆದರೆ ಆ ಅಭಿಮಾನ ಅವರನ್ನು ಕಿರಿದು ಮಾಡಲಿಲ್ಲ. ಏಕೆ? ಅವರ ಕಪಾಟಿನಲ್ಲಿ ಸ್ವಜನರ ಚರಿತ್ರೆಯ ಪಕ್ಕದಲ್ಲಿಯೇ ಪರಜನರ ಚರಿತ್ರೆಯೂ ಇತ್ತು. ಗ್ರೀಕರ, ಯೆಹೂದ್ಯರ, ಬೌದ್ಧರ, ಜೈನರ, ವೀರಶೈವರ ಗ್ರಂಥಗಳನ್ನು ಅದೇ ಶ್ರದ್ಧೆಯಿಂದ ಓದಿದವನಿಗೆ ಪ್ರತಿಯೊಂದು ಜನವೂ ತನ್ನನ್ನು ಲೋಕದ ಹಿರಿಯ ಮಗನೆಂದು ಭಾವಿಸಿರುವುದು ಕಾಣುತ್ತದೆ. ಹಾಗೆ ಕಂಡ ಮೇಲೆ ತನ್ನ ಹಿರಿಮೆಯ ಮಾತನ್ನು ಹೇಳುವಾಗಲೂ ತುಟಿಯ ಅಂಚಿನಲ್ಲಿ ಒಂದು ನಗೆ ಸುಳಿಯದಿರದು. ಕೇವಲ ತನ್ನವರ ಚರಿತ್ರೆಯನ್ನೇ ಓದುವವನಿಗೆ ಈ ನಗೆ ಬರುವುದಿಲ್ಲ, ಅಪಾಯವಿರುವುದು ಅಲ್ಲಿ.

ಇನ್ನೊಂದು ಸಾಕ್ಷ್ಯವುಂಟು. ‘ಹೆಬ್ಬೆರಳು’ ಎಂಬ ಅವರ ನಾಟಕ 1946ರಲ್ಲಿ ಹೊರಬಂದಿತು. ಅದು ಏಕಲವ್ಯನ ಕಥೆ. ಬೇಡರ ಹುಡುಗನೊಬ್ಬ ಕಾಡಿನಲ್ಲಿ ಮಣ್ಣಿನ ಗುರುವನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆಯನ್ನು ಸಾಧಿಸಿದ. ಆ ವಿದ್ಯೆಗೆ ತೆತ್ತ ಬೆಲೆ ಬಲಗೈಯ ಹೆಬ್ಬೆರಳು. ಟಿ. ಪಿ. ಕೈಲಾಸಂ ಅವರು ಇಂಗ್ಲಿಷಿನಲ್ಲಿಯೂ, ಕುವೆಂಪು ಅವರು ‘ಬೆರಳ್‌ಗೆ ಕೊರಳ್’ ನಾಟಕದಲ್ಲಿಯೂ ಸುಮಾರು ಅದೇ ಕಾಲದಲ್ಲಿ ಇದೇ ವಸ್ತುವನ್ನು ಎತ್ತಿಕೊಂಡರು. ಮೂವರು ಕನ್ನಡಿಗರ ಮನಸ್ಸನ್ನು ಒಮ್ಮೆಗೇ ಆ ಬೇಡರ ಹುಡುಗ ಕಾಡಿದುದು ಆಕಸ್ಮಿಕವಲ್ಲ. ಕುಲದ ಕಾರಣದಿಂದ ವಿದ್ಯೆಯನ್ನು ನಿರಾಕರಿಸುವ ಪದ್ಧತಿಯ ಮೇಲೆ ದೇಶದ ವಿವೇಕ ಎಚ್ಚತ್ತಿದ್ದ ಕಾಲವದು. ಅದರಲ್ಲಿಯೂ ಪೈಗಳಿಗೆ ಏಕಲವ್ಯನ ಮೇಲೆ ವಿಶೇಷವಾದ ಮರುಕವಿದ್ದಿರಬೇಕು. ಗುರುಕುಲದ ಬಾಗಿಲ ಹೊರಗೆ ನಿಂತು, ಏಕಾಂತದಲ್ಲಿ, ತನ್ನ ಛಲವೊಂದನ್ನೇ ನೆಚ್ಚಿ ಕಲಿಯುವುದರ ರುಚಿಯನ್ನೂ ನೋವನ್ನೂ ಅವರು ಸ್ವಲ್ಪಮಟ್ಟಿಗಾದರೂ ಬಲ್ಲವರಾಗಿದ್ದರು. ಸಾಹುಕಾರರ ಮಗನಿಗೆ ತಪ್ಪಿದ್ದು ಒಂದು ಪದವಿ. ಬೇಡರ ಮಗನಿಗೆ ತಪ್ಪಿದ್ದು ಬಾಳು. ಈ ಎರಡರ ಅಂತರವನ್ನು ಮರೆಯದೆಯೇ ಈ ಮಾತನ್ನು ಹೇಳುತ್ತಿದ್ದೇನೆ.

ಕೀರ್ತಿ ಅವರನ್ನು ಮಂಜೇಶ್ವರದ ಬಾಗಿಲಿಗೇ ಅರಸಿಕೊಂಡು ಬಂದಿತು. ಮದರಾಸು ಸರ್ಕಾರವು 1949ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಮುಂಬಯಿಯಲ್ಲಿ 1951ರಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಖಾಸಗಿ ಬಾಳಿನಲ್ಲಿ ಮಾತ್ರ ದುಃಖ ಬಹಳವಿತ್ತು. ಪತ್ನಿ ಬೇಗನೆ ಅಗಲಿದರು. ಆ ನೆನಪಿಗೆ ಅವರು ಹಚ್ಚಿದ ದೀಪವೇ ‘ನಂದಾದೀಪ’ದ ಕವನಗಳು. ಲೋಕದ ಮಹಾತ್ಮರ ಮರಣವನ್ನು ಹಾಡಿದ ಕವಿ ಮನೆಯ ಮರಣವನ್ನೂ ಹಾಡಿದರು. ಪುಸ್ತಕದ ದುಃಖ ಮನೆಯ ದುಃಖವನ್ನು ತಡೆಯಲಾರದು. ಆದರೆ ಅದನ್ನು ಹೊರುವ ರೀತಿಯನ್ನು ಕಲಿಸಬಲ್ಲದು.

ಕಡೆಯ ದುಃಖ ನಾಡಿನದು. ಆಂಧ್ರ ರಾಜ್ಯದ ಸ್ಥಾಪನೆಯ ಸಂದರ್ಭದಲ್ಲಿ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಹರಪನಹಳ್ಳಿಯೂ ಅವುಗಳಲ್ಲಿ ಒಂದು. ನಮ್ಮ ಹಿರಿಯರು ಅಂದು ಸಂಭ್ರಮಪಟ್ಟರು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಜೇಶ್ವರವನ್ನೊಳಗೊಂಡ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕನ್ನಡದ ಪ್ರಾಚೀನತೆಯನ್ನು ಈಜಿಪ್ತಿನ ಹಾಳೆಗಳವರೆಗೆ ಅರಸಿಕೊಂಡು ಹೋದ ಕವಿಯ ಮನೆಯೇ ಕರ್ನಾಟಕದ ಗಡಿಯಿಂದ ಹೊರಗುಳಿಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರತಕ್ಕದ್ದೆಂಬುದು ಆ ಭಾಗದ ಕನ್ನಡಿಗರ ಬೇಡಿಕೆಯಾಗಿತ್ತು. ನ್ಯಾಯಮೂರ್ತಿ ಮಹಾಜನರ ಆಯೋಗವು 1967ರಲ್ಲಿ ಅದನ್ನೇ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆ ವರದಿಯನ್ನು ಕಾಣಲು ಪೈಗಳು ಇರಲಿಲ್ಲ. ಅವರು 1963ರ ಸೆಪ್ಟೆಂಬರ್ 6ರಂದು ತೀರಿಕೊಂಡಿದ್ದರು.

ಗಡಿಯ ವಿಷಯದಲ್ಲಿ ನೊಂದವರು ಪೈಗಳು. ಆದರೆ ಅವರ ಓದಿಗೆ ಗಡಿಯಿರಲಿಲ್ಲವೆಂಬುದನ್ನು ಮರೆಯಬಾರದು. ಮಲಯಾಳ ಅವರಿಗೆ ಪರಭಾಷೆಯಾಗಿರಲಿಲ್ಲ. ರಾಜ್ಯದ ಗೆರೆ ಬದಲಾದುದರಿಂದ ಅದು ಶತ್ರುಭಾಷೆಯಾಗಲೂ ಇಲ್ಲ. ತನ್ನ ನುಡಿಗಾಗಿ ನೋಯುವುದು ಬೇರೆ, ಪರರ ನುಡಿಯನ್ನು ದ್ವೇಷಿಸುವುದು ಬೇರೆ ಎಂಬ ವಿವೇಕವನ್ನು ಐವತ್ತು ವರ್ಷಗಳ ಓದು ಅವರಿಗೆ ಕೊಟ್ಟಿತ್ತು. ಅವರ ಗ್ರಂಥಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು; ಅಲ್ಲಿ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವಿದೆ. ಪದವಿ ಪಡೆಯದ ವಿದ್ಯಾರ್ಥಿಯ ಪುಸ್ತಕಗಳಿಂದ ಇಂದು ಇತರರು ಪದವಿಗಳನ್ನು ಪಡೆಯುತ್ತಾರೆ. ಮಂಜೇಶ್ವರದ ಸರ್ಕಾರಿ ಕಾಲೇಜಿಗೂ ಅವರದೇ ಹೆಸರು. ಅವರ ಮನೆ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ.

ಹಲವಾಗಲಿನ ಆ ಹಿರಿಯರು ಇಂದು ಬದುಕಿಲ್ಲ. ಇದ್ದಿದ್ದರೆ ಈಗ ಉತ್ತರ ಹೇಳಬಹುದಾಗಿತ್ತು. ಅವರ ಪ್ರಶ್ನೆಯಲ್ಲಿ ಅರ್ಧ ಸತ್ಯವಿತ್ತು. ಮನೆಯ ದೀಪಕ್ಕೆ ಎಣ್ಣೆಯಿಲ್ಲದವನು ಪರರ ದೀಪವನ್ನು ಹೊಗಳುತ್ತ ತಿರುಗಬಾರದು. ಅವರು ಗದರಿಸಿದ ತರುವಾಯವೇ ನಾನು ಶರಣರ ವಚನಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಉಳಿದ ಅರ್ಧವನ್ನು ಪೈಗಳು ಕಲಿಸಿದರು. ಯೇಸುವಿನ ಕಡೆಯ ದಿನವನ್ನು ಓದಿದ ಕಣ್ಣಿನಿಂದ ಕಲ್ಯಾಣದ ಶರಣರ ಕಡೆಯ ದಿನಗಳನ್ನು ಓದಿದಾಗ, ಅಲ್ಲಿ ಮೊದಲು ಕಾಣದಿದ್ದ ನೋವು ಕಂಡಿತು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದರ ಬೆಳಕು ಕುಂದುವುದಿಲ್ಲ; ಮನೆಯಲ್ಲಿ ಕತ್ತಲೆ ಕಡಿಮೆಯಾಗುತ್ತದೆ, ಅಷ್ಟೆ.

ನಮ್ಮ ಊರುಗಳಲ್ಲಿಯೂ ಈಗ ಗ್ರಂಥಾಲಯಗಳಿವೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮನೆಯ ಕಷ್ಟಕ್ಕಾಗಿ ಓದನ್ನು ನಡುವೆ ಬಿಟ್ಟು ಹೊಲಕ್ಕೋ ಪಟ್ಟಣದ ಕೂಲಿಗೋ ಹೋಗುವವರು. ಅವರಿಗೆ ನಾನು ಪೈಗಳ ಕಥೆಯನ್ನು ಹೇಳುವುದುಂಟು. ಪೈಗಳಿಗೆ ಆಸ್ತಿಯಿತ್ತು, ಇವರಿಗಿಲ್ಲ. ಆ ಭೇದವನ್ನು ಬಲ್ಲೆ. ಆದರೆ ಪರೀಕ್ಷೆ ತಪ್ಪಿದೊಡನೆ ಓದು ತಪ್ಪಬೇಕೆಂಬ ನಿಯಮವಿಲ್ಲವೆಂಬುದು ಇಬ್ಬರಿಗೂ ಒಂದೇ. ವಾರಕ್ಕೊಂದು ಸಂಜೆ, ತನ್ನವರದೊಂದು, ಪರರದೊಂದು ಪುಸ್ತಕ. ತುಂಗಭದ್ರೆಯ ದಡದ ಹುಡುಗನೂ ಹೊಳೆ ದಾಟದೆಯೇ ಹಲವಾಗಬಹುದು.